ಅಣೆಕಟ್ಟಿನ ಮೇಲೊಂದು ಬೆಟ್ಟವಿದೆ

ನೀರಾವರಿ ಯೋಜನೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಅಣೆಕಟ್ಟು ಮತ್ತು ಕಾಲುವೆ. ಆ ಅಣೆಕಟ್ಟಿಗೆ ನೀರು ಎಲ್ಲಿಂದ ಬರುತ್ತದೆ ಎಂದು ನಾವು ಕೇಳುವುದು ಅಪರೂಪ.

ಉದಕಮಂಡಲ ಮತ್ತು ಕೋತಗಿರಿಯ ನಡುವಿನ ಕಟ್ಟಬೆಟ್ಟಿನಲ್ಲಿ ಬಿದ್ದ ಮಳೆಯನ್ನೇ ನೋಡೋಣ. ಚಹಾ ತೋಟದ ಯಾವ ಮಗ್ಗುಲಿಗೆ ಇಳಿದರೂ, ಮೋಯಾರ್ ಹಿಡಿದೋ ಭವಾನಿ ಹಿಡಿದೋ ಅದು ಸೇರುವುದು ಭವಾನಿಸಾಗರವನ್ನೇ. ೧೯೫೫ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟಿನಿಂದ ಹೊರಡುವ ಸುಮಾರು ೨೦೦ ಕಿಲೋಮೀಟರ್ ಉದ್ದದ ಕಾಲುವೆ ಎರಡು ಲಕ್ಷಕ್ಕೂ ಹೆಚ್ಚು ಎಕರೆಗೆ ನೀರುಣಿಸುತ್ತದೆ. ಕೆಳಗಿನ ರೈತನ ಭತ್ತ, ಅರಿಸಿನ ನಮ್ಮ ಬೆಟ್ಟವನ್ನು ನಂಬಿಕೊಂಡಿವೆ.

ಬೆಟ್ಟದ ಹುಲ್ಲುಗಾವಲು ಮತ್ತು ಶೋಲಾ ಕಾಡಿನ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು, ಬೇಸಿಗೆಯಲ್ಲಿ ಒರತೆಗಳ ಮೂಲಕ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಯಾವ ಎಂಜಿನಿಯರೂ ಕಟ್ಟದ ಜಲಾಶಯವಿದು. ಆದರೆ ಇಂಥ ಹುಲ್ಲುಗಾವಲುಗಳ ಮೇಲೆ ಆಸ್ಟ್ರೇಲಿಯಾದಿಂದ ಬಂದ ಮರಗಳನ್ನು ನೆಡಲಾಯಿತು. ಕನ್ನಡದಲ್ಲಿ ನಾವು ‘ನೀಲಗಿರಿ’ ಎಂದೇ ಕರೆಯುವ ಮರ ನೀಲಗಿರಿಯದ್ದಲ್ಲ! ಗ್ಲೆನ್‌ಮಾರ್ಗನ್‌ನಲ್ಲಿ ಉದಕಮಂಡಲದ ಮಣ್ಣು ಮತ್ತು ಜಲಸಂರಕ್ಷಣಾ ಸಂಶೋಧನಾ ಕೇಂದ್ರದವರು ಅಕ್ಕಪಕ್ಕದ ಎರಡು ಕಣಿವೆಗಳನ್ನು ಹೋಲಿಸಿ ನೋಡಿದರು. ಒಂದನ್ನು ಇದ್ದಂತೆಯೇ ಬಿಟ್ಟು, ಇನ್ನೊಂದರ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ೧೯೭೨ರಲ್ಲಿ ನೀಲಗಿರಿ ನೆಟ್ಟರು. ಮೊದಲ ಹತ್ತು ವರ್ಷಗಳಲ್ಲಿ ಆ ಕಣಿವೆಯಿಂದ ಹರಿದುಬರುವ ನೀರು ಶೇ. ೧೬ರಷ್ಟು ಕಡಿಮೆಯಾಯಿತು. ಮರ ಕಡಿದ ಬಳಿಕ ಮತ್ತೆ ಚಿಗುರಿದ ಎರಡನೆಯ ಸುತ್ತಿನಲ್ಲಿ ಸುಮಾರು ಶೇ. ೨೫ರಷ್ಟು ಕಡಿಮೆಯಾಯಿತು.

ನೀರಿನ ಪ್ರಮಾಣದಷ್ಟೇ ಅದರ ಶುದ್ಧತೆಯೂ ಮುಖ್ಯ. ಕಲೆಕ್ಟರ್ ಜಾನ್ ಸಲಿವನ್ ೧೮೨೦ರ ದಶಕದಲ್ಲಿ ಕಟ್ಟಿಸಿದ ಊಟಿ ಕೆರೆಗೆ ಕೋಡಪ್ಪಮಂದ್ ಕಾಲುವೆ ಊರಿನ ಕೊಳಚೆಯನ್ನು ತಂದು ಸುರಿಯಿತು. ಕಡಿದಾದ ಇಳಿಜಾರಿನಲ್ಲಿ ಆಲೂಗಡ್ಡೆ, ಕ್ಯಾರೆಟ್ ಬೆಳೆಯುವಾಗ ಮಣ್ಣೂ ಗೊಬ್ಬರವೂ ಔಷಧಿಯೂ ಮಳೆಯೊಡನೆ ಜಾರಿ ಹಳ್ಳ ಸೇರುತ್ತವೆ. ಹೂಳಿನಿಂದ ಜಲಾಶಯದ ಹೊಟ್ಟೆ ಕಿರಿದಾಗುತ್ತದೆ. ಶುದ್ಧವಾದ ಕುಡಿಯುವ ನೀರು ಪ್ರತಿಯೊಬ್ಬ ಮನುಷ್ಯನ ಮೂಲಭೂತ ಹಕ್ಕು ಎಂದು ಪೋಪ್ ಫ್ರಾನ್ಸಿಸರು ೨೦೧೫ರ ‘ಲೌದಾತೊ ಸಿ’ ಪತ್ರದಲ್ಲಿ ಬರೆದರು. ಹಾಗಾದರೆ ಕೆಳಗಿನ ಊರಿನವರ ಹಕ್ಕು ಮೇಲಿನ ಊರಿನವರಾದ ನಮ್ಮ ಕೈಯಲ್ಲಿದೆ.

ನಾವು ಮಾಡಬಹುದಾದದ್ದು ಕಷ್ಟವೇನಲ್ಲ. ಸಾಲುಗಳನ್ನು ಇಳಿಜಾರಿಗೆ ಅಡ್ಡಲಾಗಿ ಹಾಕೋಣ. ಹಳ್ಳದ ಅಂಚಿನಲ್ಲಿ ಒಂದಷ್ಟು ಅಗಲ ಹುಲ್ಲು ಬಿಡೋಣ. ಔಷಧಿ ಸಿಂಪಡಿಸಿದ ಡಬ್ಬವನ್ನು ಹರಿಯುವ ನೀರಿನಲ್ಲಿ ತೊಳೆಯದಿರೋಣ. ಶೌಚಾಲಯದ ಗುಂಡಿ ಒರತೆಯಿಂದ ದೂರವಿರಲಿ. ಒರತೆಯ ಬಳಿ ನೀಲಗಿರಿ ಸಸಿ ಬೇಡ.

ಮುಂದೆ ಊರಿನ ಸಭೆಯಲ್ಲಿ ನೀರಿನ ಯೋಜನೆಯ ಮಾತು ಬಂದಾಗ ಟ್ಯಾಂಕು ಎಲ್ಲಿ, ಪೈಪು ಎಷ್ಟು ಎಂದಷ್ಟೇ ಕೇಳಿ ಸುಮ್ಮನಾಗುವುದು ಬೇಡ. ಒರತೆಯ ಮೇಲಿನ ಜಾಗದಲ್ಲಿ ಏನು ಬೆಳೆಯುತ್ತಿದೆ, ಅದನ್ನು ಕಾಯುವವರು ಯಾರು, ಯೋಜನೆಯ ಹಣದಲ್ಲಿ ಅದಕ್ಕೂ ಪಾಲಿದೆಯೇ ಎಂದೂ ಕೇಳೋಣ.