ಅಂಬಾಸಿಡರ್ ಟೈರ್ ಅಂಚು ಯಾಕೆ ಸವೀತಿದೆ?

ದೋಣಿಮಲೈನ ಅದಿರು ಲಾರಿ ರಸ್ತೇಲಿ ಓಡೋ ನಿಮ್ಮ ಅಂಬಾಸಿಡರ್,
ಮುಂದಿನ ಟೈರು ಅಂಚಲ್ಲೇ ಸವೀತಿದೆಯಾ?

ಟೈರ್ ಮೇಲೆ ಅಡ್ಡಡ್ಡ ಕೈಯಾಡಿಸಿ.
ಹೋಗುವಾಗ ನುಣುಪು, ಬರುವಾಗ ತರಚುತ್ತಾ?
ಅಲೈನ್‌ಮೆಂಟ್ ತಪ್ಪಿದೆ!
ಒಂದೇ ನೊಗದ ಎತ್ತುಗಳು
ಒಂದೊಂದು ದಿಕ್ಕಿಗೆ ಎಳೆದಂಗೆ.

2014ಕ್ಕೇ ತಯಾರಿಕೆ ನಿಂತ ಗಾಡಿಯಾದ್ರೂ,
ಅಲೈನ್‌ಮೆಂಟ್ ಮನೇಲೇ ನೋಡ್ಕೋಬಹುದು.

ಮಟ್ಟಸ ನೆಲ. ಸ್ಟೇರಿಂಗ್ ನೇರ.
ಮುಂದಿನ ಎರಡೂ ಟೈರಿನ ಮುಂಭಾಗಕ್ಕೆ,
ಹಬ್ ಎತ್ತರದಲ್ಲಿ, ಸೀಮೆಸುಣ್ಣದ ಗುರುತು.
ನಡುವಿನ ಅಂತರ ಟೇಪಲ್ಲಿ ಅಳೀರಿ.

ಗಾಡಿ ಮುಂದಕ್ಕೆ ತಳ್ಳಿ.
ಅದೇ ಗುರುತು, ಅದೇ ಎತ್ತರಕ್ಕೆ, ಹಿಂದೆ ಬರಲಿ.
ಮತ್ತೆ ಅಳೀರಿ.

ಮುಂಭಾಗದ ಅಳತೆ ಹಿಂಭಾಗದ್ದಕ್ಕಿಂತ ಕೂದಲೆಳೆಯಷ್ಟು ಕಮ್ಮಿ ಇರ್ಬೇಕು.
ಎಷ್ಟು ಅಂತ ಮ್ಯಾನುಯಲ್ ನೋಡಿ.

ಇಲ್ವಾ?
ಲಾಕ್ ನಟ್ ಸಡಿಲಿಸಿ,
ಎಡ ಬಲ ಟೈ ರಾಡ್ ಸಮಸಮ ತಿರುಗಿಸಿ.
ಬಾಲ್ ಜಾಯಿಂಟ್ ಅಲ್ಲಾಡ್ತಿದ್ರೆ
ಇದೆಲ್ಲ ದಂಡ, ಮೊದಲು ಅದನ್ನ ಬದಲಿಸಿ.

ಲಾಕ್ ನಟ್ ಬಿಗಿ ಮಾಡದೆ
ಗಾಡಿ ರಸ್ತೆಗಿಳಿಸಬೇಡಿ.