ಹಿಮನದಿಯಿಲ್ಲದ ಗಿರಿಯಲ್ಲಿ ಹಿಮಯುಗದ ಗುರುತುಗಳು

ಹಿಮನದಿಗಳನ್ನೂ ಅವುಗಳ ನೆರೆಯಲ್ಲಿ ಬಾಳುವ ವನ್ಯಮೃಗಗಳನ್ನೂ ಕಣ್ಣಾರೆ ನೋಡಬಯಸುವ ವಿದ್ಯಾರ್ಥಿಯು ಗಂಗೋತ್ರಿ ರಾಷ್ಟ್ರೀಯ ಉದ್ಯಾನದಂತಹ ಹಿಮಾಲಯದ ಎಡೆಗಳಿಗೇ ಹೋಗಬೇಕು. ಆದರೆ ಹಿಮಯುಗದ ಪ್ರಭಾವವನ್ನು ಅರಿಯುವುದೇ ಉದ್ದೇಶವಾದರೆ ಅಷ್ಟು ದೂರ ಪಯಣಿಸಬೇಕಾದುದಿಲ್ಲ. ಮೈಸೂರಿನ ಮಂಡಿ ಮೊಹಲ್ಲಾದಿಂದ ಹೊರಟು, ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ ನೀಲಗಿರಿಯನ್ನೇರಿದರೆ, ಅದರ ಪಶ್ಚಿಮದ ಅಂಚಿನಲ್ಲಿ ಮುಕುರ್ತಿ ರಾಷ್ಟ್ರೀಯ ಉದ್ಯಾನವಿದೆ. ಸುಮಾರು 78 ಚದರ ಕಿಲೋಮೀಟರು ವಿಸ್ತಾರದ ಈ ನಿರ್ಜನ ಪ್ರದೇಶವನ್ನು ಅರಣ್ಯ ಇಲಾಖೆಯ ಅನುಮತಿ ಪಡೆದೇ ಪ್ರವೇಶಿಸತಕ್ಕದ್ದು.

ಇಲ್ಲಿ ಬೆಟ್ಟಗಳ ಮೈಯೆಲ್ಲ ಹುಲ್ಲು; ಕಣಿವೆಗಳ ಮಡಿಲಲ್ಲಿ ಮಾತ್ರ ಶೋಲಾ ಎಂಬ ಗಿಡ್ಡ ಮರಗಳ ದಟ್ಟ ಕಾಡು. ಮನುಷ್ಯನು ಕಾಡನ್ನು ಕಡಿದುದರಿಂದ ಈ ಹುಲ್ಲುಗಾವಲು ಉಂಟಾಯಿತೇ, ಅಥವಾ ಇದು ನಿಸರ್ಗಸಹಜವೇ ಎಂಬ ಪ್ರಶ್ನೆ ಬಹುಕಾಲ ಚರ್ಚೆಗೆ ಒಳಗಾಗಿತ್ತು. ಅದಕ್ಕೆ ಉತ್ತರದ ಸುಳಿವು ದೊರೆತುದು ನೀಲಗಿರಿಯ ಕಣಿವೆಗಳ ಜೌಗಿನಲ್ಲಿ.

ನೀರು ನಿಂತ ತಂಪು ನೆಲದಲ್ಲಿ ಸತ್ತ ಸಸ್ಯಗಳು ಪೂರ್ತಿಯಾಗಿ ಕೊಳೆಯದೆ ಪದರಪದರವಾಗಿ ಶೇಖರವಾಗುತ್ತವೆ, ಇದೇ ಪೀಟ್. ಒಣಹವೆಯನ್ನು ತಾಳುವ ಹುಲ್ಲುಗಳಲ್ಲಿ ಇಂಗಾಲ-13ರ ಪಾಲು ಮರಗಳಲ್ಲಿರುವುದಕ್ಕಿಂತ ತುಸು ಹೆಚ್ಚು. ಆದುದರಿಂದ ಇಂಗಾಲ-14ರ ನೆರವಿನಿಂದ ಪದರದ ವಯಸ್ಸನ್ನೂ, ಇಂಗಾಲ-13ರ ನೆರವಿನಿಂದ ಆ ಕಾಲದ ಸಸ್ಯವರ್ಗವನ್ನೂ ಊಹಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಅವರ ಸಹೋದ್ಯೋಗಿಗಳು ಈ ಕ್ರಮದಿಂದ ನಡೆಸಿದ ಸಂಶೋಧನೆಯನ್ನು 1993ರಲ್ಲಿ ಪ್ರಕಟಿಸಿದರು. ಸುಮಾರು 20,000 ವರ್ಷಗಳ ಹಿಂದೆ, ಉತ್ತರದ ಖಂಡಗಳ ವಿಶಾಲ ಭಾಗಗಳನ್ನು ಹಿಮವು ಕವಿದಿದ್ದಾಗ, ಇಲ್ಲಿ ಮುಂಗಾರು ಕುಗ್ಗಿ ಒಣಹವೆಯ ಹುಲ್ಲು ಪ್ರಬಲವಾಗಿತ್ತು. ಹಿಮ ಕರಗಿ ಮಳೆ ಬಲಗೊಂಡಂತೆ ತೇವವನ್ನು ಬಯಸುವ ಸಸ್ಯಗಳು ಹೆಚ್ಚಿದವು. ಹಿಮನದಿಯು ಇಲ್ಲಿ ಹರಿಯಲಿಲ್ಲ. ಅದರ ಪ್ರಭಾವ ಮಳೆಯ ಮೂಲಕ ಬಂದು ಮುಟ್ಟಿತು.

ಹುಲ್ಲುಗಾವಲು ಇಷ್ಟು ಪುರಾತನವೆಂದು ತಿಳಿದ ಮೇಲೆ ಅದನ್ನು ಕಾಣುವ ದೃಷ್ಟಿಯೂ ಬದಲಾಗಬೇಕು. ಅಳಿವಿನಂಚಿನಲ್ಲಿರುವ ನೀಲಗಿರಿ ಥಾರ್ ಎಂಬ ಕಾಡುಮೇಕೆಗೆ ಇದೇ ಮೇವಿನ ನೆಲ. ಆದರೂ ಇದನ್ನು ಬರಡು ಭೂಮಿಯೆಂದೆಣಿಸಿ ವ್ಯಾಟಲ್ ಮತ್ತು ಯೂಕಲಿಪ್ಟಸ್ ಮರಗಳನ್ನು ವಿಸ್ತಾರವಾಗಿ ನೆಡಲಾಯಿತು. ನಾವು ನೀಲಗಿರಿ ಮರವೆಂದು ಕರೆಯುವ ಯೂಕಲಿಪ್ಟಸ್ ಆ ಗಿರಿಯದಲ್ಲ, ಆಸ್ಟ್ರೇಲಿಯದ್ದು. ವ್ಯಾಟಲ್ ಅಂತೂ ತಾನೇ ಹಬ್ಬಿ ಹುಲ್ಲನ್ನು ನುಂಗುತ್ತದೆ.

ವಿದ್ಯಾರ್ಥಿಗಳನ್ನು ಕರೆದೊಯ್ಯುವ ಅಧ್ಯಾಪಕರು ಜೌಗನ್ನು ತುಳಿಯಗೊಡದೆ, ಕಾಡು ಮುಗಿದು ಹುಲ್ಲು ಮೊದಲಾಗುವ ಅಂಚನ್ನು ತೋರಿಸಲಿ. ಇಂತಹುದೇ ವಿನ್ಯಾಸ ನಮ್ಮ ಕುದುರೆಮುಖ, ಬಾಬಾಬುಡನ್‌ಗಿರಿಗಳಲ್ಲಿಯೂ ಉಂಟು. ಮರವಿಲ್ಲದ ನೆಲವೆಲ್ಲ ಹಾಳುನೆಲವಲ್ಲವೆಂಬ ತಿಳಿವಳಿಕೆ ಅಲ್ಲಿಯೂ ಅವಶ್ಯಕ.