ವೈದ್ಯರ ಮೇಜಿನ ಮೇಲಿನ ಕಾಣಿಕೆ

ಭಕ್ತರೊಬ್ಬರ ಮನೆಯ ಪೂಜೆಗೆಂದು ಬಿ.ಸಿ.ರೋಡಿಗೆ ಹೋಗಿದ್ದಾಗ ಜ್ವರ ಬಂದು, ನಾವು ಅಲ್ಲಿಯ ವೈದ್ಯರೊಬ್ಬರನ್ನು ಕಾಣಬೇಕಾಯಿತು. ಹೊರಗಿನ ಬೆಂಚಿನ ಮೇಲೆ ಬಂಟ್ವಾಳದ ಸುತ್ತಣ ಹಳ್ಳಿಗಳ ರೋಗಿಗಳು. ಅವರ ನಡುವೆಯೇ ಚೀಲ ಹಿಡಿದ ಇಬ್ಬರು ಔಷಧ ಕಂಪೆನಿಯ ಪ್ರತಿನಿಧಿಗಳು. ಒಳಗೆ ಮೇಜಿನ ಮೇಲಿನ ಗಡಿಯಾರ, ಪೆನ್ನು, ಕ್ಯಾಲೆಂಡರುಗಳಲ್ಲೆಲ್ಲ ಒಂದೊಂದು ಮಾತ್ರೆಯ ಹೆಸರು. ನಮ್ಮ ಚೀಟಿಯಲ್ಲಿಯೂ ಅವುಗಳಲ್ಲೊಂದಿತ್ತು. ಅದು ತಕ್ಕ ಮದ್ದೇ ಆಗಿದ್ದಿರಬೇಕು, ಜ್ವರ ಬಿಟ್ಟಿತು. ಸಂದೇಹ ಮಾತ್ರ ಬಿಡಲಿಲ್ಲ.

ಕಂಪೆನಿಗಳಿಂದ ಉಡುಗೊರೆ, ಪ್ರವಾಸ, ಆತಿಥ್ಯ, ಹಣ ಯಾವುದನ್ನೂ ವೈದ್ಯರು ಸ್ವೀಕರಿಸಬಾರದೆಂದು ಭಾರತೀಯ ವೈದ್ಯಕೀಯ ಪರಿಷತ್ತು 2009ರಲ್ಲಿಯೇ ನಿಯಮ ಮಾಡಿತು. 2022ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ, ಇಂಥ ಕೊಡುಗೆಗಳ ವೆಚ್ಚಕ್ಕೆ ಆದಾಯ ತೆರಿಗೆಯ ವಿನಾಯಿತಿ ಸಲ್ಲದೆಂದು ತೀರ್ಪಿತ್ತು, ಆ ವೆಚ್ಚ ಕಡೆಗೆ ಮದ್ದಿನ ಬೆಲೆಯೊಳಗೆ ಸೇರಿ ರೋಗಿಯ ಮೇಲೆಯೇ ಬೀಳುತ್ತದೆಂಬುದನ್ನು ಎತ್ತಿ ತೋರಿಸಿತು. ಅದೇ ವರ್ಷದ ಜುಲೈಯಲ್ಲಿ, ಡೋಲೊ-650 ಮಾತ್ರೆಯನ್ನು ತಯಾರಿಸುವ ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ಕಂಪೆನಿಯಲ್ಲಿ ತೆರಿಗೆ ಅಧಿಕಾರಿಗಳ ಶೋಧ ನಡೆಯಿತು. ಉಚಿತ ಕೊಡುಗೆಗಳ ಮೊತ್ತ ಸುಮಾರು 1000 ಕೋಟಿ ರೂಪಾಯಿಯೆಂದು ಇಲಾಖೆ ಅಂದಾಜು ಮಾಡಿತು. ಒಂದೇ ಮಾತ್ರೆಗಾಗಿ ಅಷ್ಟು ಹಣ ವೆಚ್ಚ ಮಾಡುವುದು ಅಸಾಧ್ಯವೆಂದು ಕಂಪೆನಿಯವರು ಹೇಳಿದರು.

ಇಲ್ಲಿ ನಮಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಗುತ್ತದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದ. ಕದ್ದುದಲ್ಲ, ಕಸಿದುದಲ್ಲ, ಯಾರಿಗೂ ನಷ್ಟವಾಗಿರಲಿಲ್ಲ. ಆದರೂ ಆ ತಾಯಿ ಅದನ್ನು ಅಲ್ಲಿಯೇ ಸುರಿದು ಬರಲು ಹೇಳಿದಳು. ‘ಇಷ್ಟು ಸಣ್ಣ ಪೆನ್ನಿಗೆ ನಮ್ಮ ಬುದ್ಧಿ ಮಾರಿಹೋಗುವುದೇ?’ ಎನ್ನುವ ವೈದ್ಯರು ಮಾರಯ್ಯನಷ್ಟೇ ಪ್ರಾಮಾಣಿಕರಿರಬಹುದು. ಆದರೆ ಲಕ್ಕಮ್ಮ ನೋಡಿದ್ದು ಅಕ್ಕಿಯ ಬೆಲೆಯನ್ನಲ್ಲ, ತಂದವನ ಮನಸ್ಸನ್ನು.

ಗುಣವಾದ ರೋಗಿ ತಂದುಕೊಡುವ ಹಲಸಿನ ಹಣ್ಣನ್ನು ನಾವು ಇದರೊಡನೆ ಸೇರಿಸುವುದಿಲ್ಲ; ಅದು ಉಪಕಾರ ಸ್ಮರಣೆ. ಕಂಪೆನಿಯ ಕೊಡುಗೆ ಮುಂದೆ ಬರೆಯಬೇಕಾದ ಚೀಟಿಯ ಮುಂಗಡ. (ಕಾಣಿಕೆ ಪಡೆಯುವ ಮಠಗಳೂ ಕೊಡುವವರ ಉದ್ದೇಶವನ್ನು ಹೀಗೆಯೇ ವಿಚಾರಿಸಬೇಕೆಂದು ಯಾರಾದರೂ ಅಂದರೆ ನಮ್ಮಲ್ಲಿ ಉತ್ತರವಿಲ್ಲ.)

2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಂಹಿತೆಯು ವೈದ್ಯರಿಗೂ ಅವರ ಕುಟುಂಬದವರಿಗೂ ಉಡುಗೊರೆ ಕೊಡುವುದನ್ನು ನಿಷೇಧಿಸಿದರೂ, 1000 ರೂಪಾಯಿಯೊಳಗಿನ ಪುಸ್ತಕ, ಡೈರಿ, ಕ್ಯಾಲೆಂಡರುಗಳಂಥವನ್ನು ಬಿಟ್ಟುಕೊಟ್ಟಿದೆ.

ಎರಡನೆಯ ಸಲ ಹೋದಾಗ, ಮಾತ್ರೆಯ ಮೂಲ ಹೆಸರನ್ನೂ ಬರೆದುಕೊಡಬಹುದೇ ಎಂದು ಆ ವೈದ್ಯರನ್ನು ಕೇಳಿದೆವು. ಅವರು ಬೇಸರಪಡದೆ, ನಕ್ಕು, ಬರೆದುಕೊಟ್ಟರು. ಬರೆದದ್ದು ಅದೇ ಪೆನ್ನಿನಿಂದ.